ಚೋಮನಿಗೆ ಭೂಮಿ, ಸಾಕವ್ವನಿಗೆ ಹುಂಜ: ಅನುಕಂಪ ಮತ್ತು ಅನುಭವದ ನಡುವೆ

ಎರಡು ವಾರದಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದೆ: ಅಸ್ಪೃಶ್ಯ ಆಳು ಚೋಮ ಸ್ವಂತ ಬೇಸಾಯಕ್ಕೆ ಹಂಬಲಿಸುವ ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ಯನ್ನು ದಲಿತ ಸಾಹಿತ್ಯ ಎನ್ನಬಹುದೇ? ಗೈಡುಗಳಲ್ಲಿ ಉತ್ತರ ಒಂದೇ ಸಾಲು. ಅದು ಹೊರಗಿನವರು ಮರುಗಿ ಬರೆದ ಅನುಕಂಪದ ಸಾಹಿತ್ಯ, ದಲಿತ ಸಾಹಿತ್ಯ ಅನುಭವದ ಸಾಹಿತ್ಯ. ಬಾಯಿಪಾಠ ಮಾಡಿ ಬರೆದರೆ ಅಂಕವೂ ಬರುತ್ತದೆ. ಆದರೆ ಅನುಕಂಪ ಎಲ್ಲಿ ಮುಗಿಯಿತು, ಅನುಭವ ಎಲ್ಲಿ ಶುರುವಾಯಿತು ಎಂದು ಪುಟದ ಮೇಲೆ ಬೆರಳಿಟ್ಟು ತೋರಿಸು ಅಂದರೆ ನನ್ನ ಕೈಲಿ ಆಗುತ್ತಿರಲಿಲ್ಲ. ಈಗ ಸ್ವಲ್ಪ ತಿಳಿಯಾಗಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ, ಇದೇ ಪರೀಕ್ಷೆಗೆ ಓದುತ್ತಿರುವವರಿಗೂ ಉಪಯೋಗಕ್ಕೆ ಬರಲಿ.

ಇಸವಿಗಳು

ಇವು ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ. ಅಂಬೇಡ್ಕರರ ‘ಜಾತಿ ವಿನಾಶ’ 1936. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ, ಅಂದರೆ ದನಕ್ಕೆ ಹಾಕುವ ಹೊಟ್ಟು, ಎಂದರು. ಗಲಾಟೆಯೆದ್ದು ಅವರು ರಾಜೀನಾಮೆ ಕೊಡಬೇಕಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಈ ಬೇಗೆಯಲ್ಲೇ. ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ 1975. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದರೆ ಕೊಡಲಿಲ್ಲ ಎಂದು 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ನಡೆಯಿತು.

ಚೋಮ ಕೇಳಿದ್ದು ಏನು? ನಾನು ಎಡವಿದ್ದು ಇಲ್ಲಿ

ಚೋಮನ ಕಷ್ಟ ಬಡತನ ಅಂದುಕೊಂಡೇ ನಾನು ಮೊದಲ ಸಲ ಓದಿ ಮುಗಿಸಿದ್ದೆ. ಎರಡನೇ ಸಲ ಓದುವಾಗ ಎತ್ತುಗಳು ಕಣ್ಣಿಗೆ ಬಿದ್ದವು. ಚೋಮನ ಹತ್ತಿರ ಜೋಡೆತ್ತು ಇವೆ! ತೋಟದ ಸಾಲ ತೀರಿಸಲು ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಕಳಿಸುವ ಮನುಷ್ಯ ಆ ಎತ್ತುಗಳನ್ನು ಮಾರುವುದಿಲ್ಲ. ಮಗ ಚನಿಯ ಜ್ವರದಿಂದ ಸತ್ತ ಮೇಲೂ ಅವು ಕೊಟ್ಟಿಗೆಯಲ್ಲೇ ಇರುತ್ತವೆ. ಯಾಕೆ? ಅವನಿಗೆ ಅನ್ನ ಅಲ್ಲ, ಬೇಸಾಯ ಬೇಕು. ಆಳಾಗಿ ದುಡಿಯುವುದಕ್ಕೆ ಯಾರೂ ಅವನನ್ನು ತಡೆಯುವುದಿಲ್ಲ. ಗದ್ದೆ ನನ್ನದು ಅನ್ನುವುದನ್ನು ಮಾತ್ರ ತಡೆಯುತ್ತಾರೆ. ಜಾತಿ ಎಂದರೆ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆ ಎಂಬ ಅಂಬೇಡ್ಕರರ ಮಾತು ನನಗೆ ಅರ್ಥವಾದದ್ದು ಈ ಎತ್ತುಗಳಿಂದ. ಗದ್ದೆಯ ಕೆಲಸವೆಲ್ಲ ಬಲ್ಲವನು ರೈತನಾಗುವ ಹಾಗಿಲ್ಲ.

ಒಡೆಯ ಸಂಕಪ್ಪಯ್ಯ ಕೆಟ್ಟವನೂ ಅಲ್ಲ. ಮನಸ್ಸು ಕೊಂಚ ಕರಗುತ್ತದೆ, ತಾಯಿ ಬೇಡ ಎನ್ನುತ್ತಾಳೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕೋಪ ಮಾಡಿಕೊಳ್ಳಲು ಖಳನೊಬ್ಬ ಸಿಗುವುದಿಲ್ಲ. ಯಾರೂ ಹೊಡೆಯದೆ, ಬಯ್ಯದೆ ಒಬ್ಬನ ಬದುಕನ್ನು ಮುಚ್ಚಿಬಿಡಬಹುದು ಎಂದು 1933ರಲ್ಲೇ ಕಂಡರಲ್ಲ, ಅದಕ್ಕಾಗಿ ಕಾರಂತರ ಮೇಲಿನ ಗೌರವ ನನಗೆ ಹೆಚ್ಚಾಗಿದೆ.

ಇಲ್ಲಿಗೆ ಬಿಟ್ಟಿದ್ದರೆ ಸರಿಯಿತ್ತು. ನಾನು ಟಿಪ್ಪಣಿಯಲ್ಲಿ ಇನ್ನೊಂದು ಸಾಲು ಸೇರಿಸಿದೆ: ‘ಚೋಮ ನಲವತ್ತು ವರ್ಷ ತಡವಾಗಿ ಹುಟ್ಟಿದ್ದರೆ ಭೂಮಿ ಸಿಗುತ್ತಿತ್ತು. 1974ರಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂತು.’ ನಮ್ಮ ಮೇಡಂ ಅದನ್ನು ಓದಿ, “ಅವನು ಯಾವ ಅರ್ಜಿ ಹಾಕ್ತಿದ್ದ ಹೇಳಪ್ಪಾ?” ಅಂದರು.

“ಫಾರಂ ನಂಬರ್ ಏಳು, ಮೇಡಂ.”

“ಗೇಣಿ ಕೊಟ್ಟಿದ್ದನಾ?”

ನಾನು ಸುಮ್ಮನಾದೆ. ಈ ಒಂದು ಹೆಜ್ಜೆಯನ್ನು ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ನನ್ನ ಹಾಗೆ ತಪ್ಪು ತಿಳಿದವರು ಬಹಳ ಇದ್ದಾರೆ. ಹಳ್ಳಿಯ ಗದ್ದೆಯೊಂದಕ್ಕೆ ಮೂರು ಜನ: ಒಡೆಯ, ಗೇಣಿದಾರ, ಆಳು. ಗೇಣಿದಾರ ಒಡೆಯನಿಗೆ ವರ್ಷಕ್ಕಿಷ್ಟು ಎಂದು ಗೇಣಿ ಅಳೆದು ಗದ್ದೆ ಮಾಡುತ್ತಾನೆ. ಆಳು ಕೂಲಿಗೆ ದುಡಿಯುತ್ತಾನೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಆಮೇಲೆ ಗೇಣಿದಾರನಿಗೆ ಹಕ್ಕು ಸಿಗಬೇಕು. ಅವನು ಫಾರಂ 7 ತುಂಬಿ, ನಾನು ಗೇಣಿದಾರ ಎಂದು ಭೂನ್ಯಾಯ ಮಂಡಳಿಯ ಮುಂದೆ ತೋರಿಸಬೇಕು. ಅಂದರೆ ಕಾನೂನಿನ ‘ಉಳುವವನು’ ಗೇಣಿದಾರ. ಚೋಮನೋ ಮೂಲದ ಆಳು, ಅಂದರೆ ಒಡೆಯರಿಗೆ ಕಟ್ಟುಬಿದ್ದು ದುಡಿಯುವವನು. ಅವನು ಗೇಣಿ ಕೊಟ್ಟವನೇ ಅಲ್ಲ, ಕೊಡುತ್ತೇನೆಂದು ಬೇಡಿದವನು. ಬೇಡಿದ್ದಕ್ಕೆ ಚೀಟಿ ಎಲ್ಲಿರುತ್ತದೆ?

ಕಾನೂನು ಸುಳ್ಳು ಅಂತ ಹೇಳುತ್ತಿಲ್ಲ. ಕರಾವಳಿಯಲ್ಲಿ ಎಷ್ಟೋ ಗೇಣಿದಾರ ಮನೆಗಳು ಅದರಿಂದ ತಲೆಯೆತ್ತಿ ನಿಂತವು. ಆದರೆ ಅದು ಒಡೆದದ್ದು ಒಡೆಯ ಮತ್ತು ಗೇಣಿದಾರನ ನಡುವಿನ ಗೋಡೆಯನ್ನು. ಆಳಿಗೆ ಉಳಿದದ್ದು ಮಿತಿ ಮೀರಿದ ಹಿಡುವಳಿಗಳಿಂದ ಬಂದ ಹೆಚ್ಚುವರಿ ಭೂಮಿ, ಸರ್ಕಾರಿ ಜಮೀನಿನ ಮಂಜೂರಾತಿ. ಹಾಗೆ ಮಂಜೂರಾದ ಜಮೀನೂ ಸಾಲಕ್ಕೆ, ಕಷ್ಟಕ್ಕೆ ಕೈಬಿಟ್ಟು ಹೋಗುತ್ತಿತ್ತು. ಅದನ್ನು ತಡೆಯಲು, ಹೋದದ್ದನ್ನು ವಾಪಸು ಕೊಡಿಸಲು 1978ರಲ್ಲಿ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾನೂನು) ಬೇಕಾಯಿತು.

ಅವತ್ತು ಸಂಜೆ ಊರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ. ತಾತ ಮೂವತ್ತು ವರ್ಷ ಉತ್ತ ಹೊಲದ ಹಳೆ ಪಹಣಿಯಲ್ಲಿ ಮಾಲೀಕನ ಹೆಸರು ಬರೆಯುವ 9ನೇ ಕಾಲಂನಲ್ಲಿ ಒಡೆಯರ ಹೆಸರು, ಸಾಗುವಳಿದಾರನ ಕಾಲಂನಲ್ಲೂ ಒಡೆಯರ ಹೆಸರೇ ಅಂತೆ. “ತಾತನ ಕೈ ಇತ್ತು ಕಣೋ, ಹೆಸರು ಎಲ್ಲಿ ಹಾಕ್ತಾರೆ?” ಅಂದರು ಅಪ್ಪ.

ಹೊಸ್ತಿಲ ಲೆಕ್ಕ

ಇದು ನಾನೇ ಮಾಡಿಕೊಂಡ ಅಡ್ಡದಾರಿ. ಯಾವ ದೃಶ್ಯ ಬಂದರೂ, ಯಾರು ಯಾರ ಹೊಸ್ತಿಲಲ್ಲಿ ಕಾಯುತ್ತಿದ್ದಾರೆ ಎಂದು ನೋಡಿ. ಕಥೆ ಹೇಳುವವರು ಗುಡಿಸಲಿನ ಒಳಗಿದ್ದಾರೋ ಹೊರಗೋ ಎಂದು ಮೊದಲು ನೋಡುತ್ತಿದ್ದೆ, ಅದು ಕೈಕೊಟ್ಟಿತು. ಕಾರಂತರೂ ಚೋಮನ ಗುಡಿಸಲಿನ ಒಳಗೆ ಹೋಗುತ್ತಾರೆ, ಅವನು ದುಡಿ ಬಾರಿಸುವಾಗ ಪಕ್ಕದಲ್ಲೇ ಇರುತ್ತಾರೆ. ಆದರೆ ಕಥೆ ಮುಂದೆ ಸಾಗಬೇಕಾದರೆ ಚೋಮ ಒಡೆಯರ ಅಂಗಳಕ್ಕೆ ಹೋಗಿ ನಿಲ್ಲಬೇಕು. ಹೌದು ಅಥವಾ ಇಲ್ಲ ಎನ್ನುವ ಉತ್ತರ ಅಲ್ಲಿಂದ ಬರಬೇಕು. ಕೊನೆಗೆ ಅವನು ಮುಚ್ಚುವುದು ತನ್ನ ಬಾಗಿಲನ್ನು.

ದಲಿತ ಲೇಖಕ ದೇವನೂರ ಮಹಾದೇವರ ಕಿರುಕಾದಂಬರಿ ‘ಒಡಲಾಳ’ದಲ್ಲಿ ಲೆಕ್ಕ ತಿರುಗುತ್ತದೆ. ಮುದುಕಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ರಾತ್ರಿ ಮನೆಗೆ ಒಂದು ಮೂಟೆ ಕಡಲೆಕಾಯಿ ಬರುತ್ತದೆ, ಸಾಹುಕಾರ ಎತ್ತಪ್ಪನದು. ಬೆಂಕಿಯ ಸುತ್ತ ಮನೆಮಂದಿಯೆಲ್ಲ ಕೂತು ಸುಲಿದು ತಿನ್ನುತ್ತಾರೆ. ಕಳ್ಳತನ ತಪ್ಪು ಎಂಬ ಒಂದು ಮಾತು ಎಲ್ಲಾದರೂ ಬಂದೀತೆಂದು ಕಾದೆ, ಬರಲಿಲ್ಲ. ಆ ಹೊತ್ತಿಗೆ ಆ ಮನೆಯಲ್ಲಿ ತಿನ್ನುವುದೊಂದೇ ಕೆಲಸ. ಸಾಹುಕಾರನ ಅಪ್ಪಣೆಗಾಗಿ ಇಲ್ಲಿ ಏನೂ ನಿಂತಿಲ್ಲ. ಆಮೇಲೆ ಪೊಲೀಸರು ಬರುತ್ತಾರೆ, ಸಾಕವ್ವನ ಹೊಸ್ತಿಲಿಗೆ. ಅಷ್ಟರಲ್ಲಿ ನಮಗೆ ಆ ಮನೆಯವರೆಲ್ಲ ಗೊತ್ತಾಗಿರುತ್ತಾರೆ, ಹೊರಗಿನವರಾಗಿ ಕಾಣುವುದು ಪೊಲೀಸರೇ. ಆ ಮನೆಯ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುವುದನ್ನು ಮರೆಯದೆ ಉತ್ತರದಲ್ಲಿ ಸೇರಿಸಿ. ಹಸಿದ ಮನೆಯಲ್ಲಿ ಹಸಿವನ್ನಷ್ಟೇ ಹುಡುಕುವ ನಮ್ಮಂಥ ಓದುಗರು ಆ ನವಿಲನ್ನು ದಾಟಿ ಹೋಗಿಬಿಡುತ್ತೇವೆ. ನಾನೂ ಮೊದಲ ಸಲ ದಾಟಿದ್ದೆ.

ಭಾಷೆಯನ್ನೂ ಗಮನಿಸಿ. ಚೋಮನ ಸೀಮೆಯ ಮನೆಮಾತು ತುಳು, ಕಾದಂಬರಿ ಕನ್ನಡದಲ್ಲಿದೆ. ಅವನ ಮಾತು ನಮಗೆ ತಲುಪುವಾಗಲೇ ಇನ್ನೊಬ್ಬರ ಬಾಯಿಂದ ಬರುತ್ತದೆ. ಸಾಕವ್ವನ ಮನೆಯವರು ತಮ್ಮ ಸೀಮೆಯ ಮಾತನ್ನೇ ಆಡುತ್ತಾರೆ. ಸಿದ್ಧಲಿಂಗಯ್ಯನವರ ‘ನನ್ನ ಜನಗಳು’ ಪದ್ಯದಲ್ಲಿ ‘ಸತ್ತೋರು’, ‘ಹೊತ್ತೋರು’ ಎನ್ನುವ ಆಡುಮಾತಿನ ರೂಪಗಳನ್ನು ಗಟ್ಟಿಯಾಗಿ ಓದಿ ನೋಡಿ. ‘ಸತ್ತವರು’ ಎಂದು ತಿದ್ದಿದರೆ ಲಯ ಕುಸಿಯುತ್ತದೆ, ಜೊತೆಗೆ ‘ನನ್ನ’ ಎಂಬ ಪದವೂ ಸಡಿಲವಾಗುತ್ತದೆ. ಈ ಪದ್ಯಕ್ಕೆ ಹೊಸ್ತಿಲ ಲೆಕ್ಕ ಹಾಕಲು ಹೋದರೆ ಹೊಸ್ತಿಲೇ ಸಿಗುವುದಿಲ್ಲ, ಹೇಳುವವನು ಆ ಜನರೊಳಗೇ ಇದ್ದಾನೆ.

ಬೆಳ್ಳಿ

ಇಲ್ಲಿ ನನ್ನ ಲೆಕ್ಕ ನಿಂತಿದೆ. ಚೋಮನ ಸಾಲ ತೀರುವುದು ಎತ್ತಿನಿಂದಲೂ ಅಲ್ಲ, ಗಂಡುಮಕ್ಕಳ ಕೂಲಿಯಿಂದಲೂ ಅಲ್ಲ. ಮಗಳು ಬೆಳ್ಳಿ ತೋಟಕ್ಕೆ ಹೋಗುತ್ತಾಳೆ, ಅಲ್ಲಿನ ಮನ್ವೇಲ ಅವಳನ್ನು ಬಳಸಿಕೊಳ್ಳುತ್ತಾನೆ, ಸಾಲ ಚುಕ್ತಾ ಆಗುತ್ತದೆ. ಭೂಮಿ ಸಿಗದ ಚೋಮನ ಬಗ್ಗೆ ನಾನು ಇಷ್ಟು ಪುಟ ತುಂಬಿಸಿದೆ. ಬೆಳ್ಳಿ ಯಾವ ಹೊಸ್ತಿಲಲ್ಲಿ ನಿಂತಿದ್ದಳು ಎಂದು ತಿಳಿಯಲು ಕಾದಂಬರಿಯನ್ನು ಮೂರನೇ ಸಲ ಓದಬೇಕು, ಈ ಸಲ ಅವಳು ಬರುವ ಪುಟಗಳಿಗೆಲ್ಲ ಗುರುತು ಹಾಕಿಕೊಂಡು.