ಡಯಾಜೆಪಾಮ್: ಹಾಫ್‌ಲೈಫ್ ಬೇರೆ, ಮಂಪರಿನ ಹೊತ್ತು ಬೇರೆ

ಡಯಾಜೆಪಾಮ್ ಆತಂಕಕ್ಕೆ, ನಿದ್ದೆಗೆ ಕೊಡುವ ಮಾತ್ರೆ. ಹಾಫ್‌ಲೈಫ್ ಅಂದರೆ ಮೈಯಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು. ಫಾರ್ಮಕಾಲಜಿ ಇಂಟರ್ನಲ್ಸ್‌ನಲ್ಲಿ ನಾನು ಬರೆದಿದ್ದು: "ಡಯಾಜೆಪಾಮ್‌ನ ಹಾಫ್‌ಲೈಫ್ ಸುಮಾರು 48 ಗಂಟೆ. ಆದ್ದರಿಂದ ಒಂದು ಮಾತ್ರೆ ನುಂಗಿದರೆ ಎರಡು ದಿನ ಮಂಪರು." ಮೇಡಂ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ "ಹಾಗೆ ಮಲಗಿದವರನ್ನ ವಾರ್ಡಲ್ಲಿ ನೋಡಿದೀಯಾ?" ಅಂತ ಬರೆದಿದ್ದರು. ನೋಡಿರಲಿಲ್ಲ. ಒಂದು ಮಾತ್ರೆ ತಗೊಂಡವರು ಬೆಳಿಗ್ಗೆ ಎದ್ದು ಕಾಫಿ ಕೇಳುತ್ತಾರೆ. ಹಾಗಾದರೆ ಆ 48 ಗಂಟೆ ಯಾವುದರ ಲೆಕ್ಕ? ಇದು ತಲೆಗೆ ಹೋಗಲು ನನಗೆ ಒಂದು ವಾರ ಬೇಕಾಯಿತು.

ಮಾತ್ರೆ ಏನು ಮಾಡುತ್ತದೆ ಅನ್ನೋದು ಸುಲಭದ ಭಾಗ. ಮೆದುಳಿನಲ್ಲಿ ಗಾಬಾ ಎನ್ನುವ, ನರಕೋಶಗಳನ್ನು ತಣ್ಣಗಾಗಿಸುವ ರಾಸಾಯನಿಕ ಇದೆ. ಅದು ಬಂದು ಕೂತಾಗ ನರಕೋಶದೊಳಗೆ ಕ್ಲೋರೈಡ್ ನುಗ್ಗುವ ಬಾಗಿಲು ತೆರೆಯುತ್ತದೆ. ಡಯಾಜೆಪಾಮ್ ಸೇರಿದ ಬೆಂಜೊಡಯಾಜೆಪಿನ್ ಗುಂಪಿನ ಔಷಧಗಳು ಆ ಬಾಗಿಲು ಪದೇಪದೇ ತೆರೆಯುವಂತೆ ಮಾಡುತ್ತವೆ. ಹಳೆಯ ಕಾಲದ ನಿದ್ದೆ ಮದ್ದುಗಳಾದ ಬಾರ್ಬಿಚುರೇಟ್‌ಗಳು ತೆರೆದ ಬಾಗಿಲನ್ನು ಹೆಚ್ಚು ಹೊತ್ತು ತೆರೆದೇ ಇಡುತ್ತವೆ, ಡೋಸ್ ಹೆಚ್ಚಾದರೆ ಗಾಬಾ ಇಲ್ಲದೆಯೂ ತಾವೇ ತೆರೆಯುತ್ತವೆ. ಅದಕ್ಕೇ ಅವು ಹೆಚ್ಚು ಅಪಾಯ. ಎರಡು ಅಂಕದ ಪ್ರಶ್ನೆ, ಮುಂದಕ್ಕೆ ಹೋಗೋಣ.

ಈಗ ಹಾಫ್‌ಲೈಫ್. ನಮ್ಮ ಕಡೆಯ ಗದ್ದೆಗಳನ್ನು ನೆನೆಸಿಕೊಂಡ ಮೇಲೆಯೇ ನನಗೆ ಹೊಳೆದಿದ್ದು. ಕಾಲುವೆ ಪಕ್ಕದ ಮೇಲಿನ ಗದ್ದೆಗೆ ನೀರು ಮೊದಲು ನುಗ್ಗುತ್ತದೆ. ಅದೇ ಮೆದುಳು, ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಡಯಾಜೆಪಾಮ್ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಒಳಗೆ ಹೋಗುವುದೂ ಬೇಗ. ಆಮೇಲೆ ಬದು ಒಡೆದ ಹಾಗೆ ನೀರು ಕೆಳಗಿನ ಅಗಲವಾದ ಗದ್ದೆಗಳಿಗೆ, ಅಂದರೆ ಸ್ನಾಯುವಿಗೆ, ಕೊಬ್ಬಿಗೆ ಇಳಿದುಹೋಗುತ್ತದೆ. ಮೇಲಿನ ಗದ್ದೆ ತೆಳ್ಳಗಾಯಿತು, ಮಂಪರು ಇಳಿಯಿತು. ಆದರೆ ನೀರು ಜಮೀನು ಬಿಟ್ಟು ಹೋಗಿಲ್ಲ. ಇಡೀ ಜಮೀನಿನಿಂದ ಅರ್ಧ ನೀರು ಬಸಿದು ಹೋಗಲು ಹಿಡಿಯುವ ಹೊತ್ತೇ ಹಾಫ್‌ಲೈಫ್. ಮೊದಲ ಮಾತ್ರೆಯ ಮಂಪರು ಎಷ್ಟು ಹೊತ್ತು ಇರುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಬದು, ಬಸಿಯುವಿಕೆಯಲ್ಲ.

ಆದರೆ ದಿನಾ ರಾತ್ರಿ ನೀರು ಬಿಟ್ಟರೆ? ಕೆಳಗಿನ ಗದ್ದೆಗಳೂ ತುಂಬುತ್ತಾ ಬಂದು, ಮೇಲಿನದರಿಂದ ಇಳಿಯಲು ಜಾಗ ಸಾಲದು. ಆಗ ಹಾಫ್‌ಲೈಫ್ ತನ್ನ ಆಟ ಶುರುಮಾಡುತ್ತದೆ.

ನನಗೆ ಬಲು ಇಷ್ಟವಾದ ಅಡ್ಡದಾರಿ ಇಲ್ಲಿದೆ: ಡಯಾಜೆಪಾಮ್‌ನ ಹಾಫ್‌ಲೈಫ್ ಗಂಟೆಗಳಲ್ಲಿ ಎಷ್ಟು ಅಂದರೆ, ಹೆಚ್ಚುಕಮ್ಮಿ ರೋಗಿಯ ವಯಸ್ಸಿನಷ್ಟು. ಇದು ಬರೀ ಬಾಯಿಪಾಠದ ಸೂತ್ರವಲ್ಲ. 1975ರಲ್ಲಿ ಕ್ಲಾಟ್ಸ್ ಮತ್ತು ಸಂಗಡಿಗರು ಅಳೆದಾಗ 20 ವರ್ಷದವರಲ್ಲಿ ಸುಮಾರು 20 ಗಂಟೆ, 80ರವರಲ್ಲಿ ಸುಮಾರು 90 ಗಂಟೆ ಬಂದಿತ್ತು. ಲಿವರ್ ಕೆಟ್ಟಿದ್ದರೆ ಈ ಲೆಕ್ಕ ನಡೆಯಲ್ಲ, ಇನ್ನೂ ಉದ್ದವಾಗುತ್ತದೆ.

ದಿನಕ್ಕೆ 5 ಮಿಗ್ರಾಂ ಅಂತಿಟ್ಟುಕೊಳ್ಳಿ. 24ರ ಯುವಕನ ಮೈಯಲ್ಲಿ ಪ್ರತಿ ರಾತ್ರಿ ಮಾತ್ರೆ ನುಂಗಿದ ಮೇಲೆ ಇರುವುದು 5, 7.5, 8.75, 9.4... ಕೊನೆಗೆ 10ಕ್ಕೆ ನಿಲ್ಲುತ್ತದೆ. 72ರ ಅಜ್ಜಿಯ ಮೈಯಲ್ಲಿ 5, 9, 12, 14.6... ಏರಿ ಏರಿ 24ರ ಹತ್ತಿರ ನಿಲ್ಲುತ್ತದೆ. ಇದನ್ನು ನೋಡಿ ನಾನು "ಅಜ್ಜಿಗೆ ಎರಡೂವರೆ ಪಟ್ಟು ಡೋಸ್!" ಅಂತ ಕುಣಿದೆ. ಮತ್ತೆ ತಪ್ಪು. ವಯಸ್ಸಾದಂತೆ ಸ್ನಾಯು ಕರಗಿ ಕೊಬ್ಬಿನ ಪಾಲು ಹೆಚ್ಚುತ್ತದೆ, ಅಂದರೆ ಕೆಳಗಿನ ಗದ್ದೆಯೇ ಅಗಲವಾಗಿರುತ್ತದೆ. ನೀರು ಹೆಚ್ಚಿದ್ದರೂ ಮೇಲಿನ ಗದ್ದೆಯ ಮಟ್ಟ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ನಿಜವಾಗಿ ಬದಲಾಗುವುದು ಸಮಯ. ಮಟ್ಟ ನಿಲ್ಲಲು ನಾಲ್ಕೈದು ಹಾಫ್‌ಲೈಫ್ ಬೇಕು: ಯುವಕನಿಗೆ ನಾಲ್ಕೈದು ದಿನ, ಅಜ್ಜಿಗೆ 12ರಿಂದ 15 ದಿನ. ಜೊತೆಗೆ ಲಿವರ್ ಡಯಾಜೆಪಾಮನ್ನು ಒಡೆದಾಗ ಹುಟ್ಟುವ ನಾರ್‌ಡಯಾಜೆಪಾಮ್ ಕೂಡ ಮಂಪರು ತರುವಂಥದ್ದೇ, ಅದರ ಹಾಫ್‌ಲೈಫ್ 100 ಗಂಟೆವರೆಗೂ ಹೋಗಬಹುದು. ಮಟ್ಟ ಒಂದೇ ಇದ್ದರೂ ವಯಸ್ಸಾದ ಮೆದುಳು ಹೆಚ್ಚು ತೂಗಾಡುತ್ತದೆ, ಅದು ಬೇರೆ.

ಇದೆಲ್ಲ ಗೊತ್ತಿರಬೇಕಾಗಿದ್ದು ವಾರ್ಡ್ ಪೋಸ್ಟಿಂಗ್‌ನಲ್ಲಿ. ರಾತ್ರಿ ಬಚ್ಚಲಿಗೆ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಅಜ್ಜಿ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಐದಾರು ಬಗೆಯ ಮಾತ್ರೆ, ಒಂದು ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿದ್ದರಿಂದ ಹೆಸರೂ ಇಲ್ಲ, ಎಕ್ಸ್‌ಪೈರಿಯೂ ಇಲ್ಲ, "ಪಾಮ್" ಅನ್ನುವ ಬಾಲ ಮಾತ್ರ ಉಳಿದಿತ್ತು. "ಅದು ನಿದ್ದೆ ಗುಳಿಗೆ ಮಗಾ" ಅಂದರು ಅಜ್ಜಿ. ಶುರುಮಾಡಿ ಹನ್ನೆರಡು ದಿನ ಆಗಿತ್ತು. ಸೊಸೆ ಒಪ್ಪಲೇ ಇಲ್ಲ: "ಮೊದಲನೇ ವಾರ ಏನೂ ಆಗಿರಲಿಲ್ಲವಲ್ಲ ಸಿಸ್ಟರ್, ಈಗ ಹೆಂಗೆ ಮಾತ್ರೆ ಕಾರಣ ಆಗತ್ತೆ?" ಮೇಲಿನ ಲೆಕ್ಕವೇ ಅವರಿಗೆ ಉತ್ತರ, ಆದರೆ ಆವತ್ತು ನನಗೆ ಅದು ಗೊತ್ತಿರಲಿಲ್ಲ. ಸುಮ್ಮನೆ ಬಿಪಿ ನೋಡಿ ಬಂದೆ.

ಇದೇ ಗುಂಪಿನ ಮಾತ್ರೆಗಳನ್ನು ಹೋಲಿಸುವಾಗ ಮಿಗ್ರಾಂ ಅಂಕಿಯನ್ನು ನಂಬಬೇಡಿ. ಡಯಾಜೆಪಾಮ್ 10, ಲೊರಾಜೆಪಾಮ್ 1, ಅಲ್ಪ್ರಜೋಲಮ್ 0.5, ಕ್ಲೋನಜೆಪಾಮ್ 0.5 ಇವುಗಳ ಬಲ ಸರಿಸುಮಾರು ಒಂದೇ. "ಅರ್ಧ ಎಂಜಿ ಅಷ್ಟೇ" ಅನ್ನುವವರಿಗೆ ಇದನ್ನು ತೋರಿಸಿ.

ಬೆರಕೆ ಬಗ್ಗೆ: ಇವು ಒಂಟಿಯಾಗಿ ಉಸಿರು ನಿಲ್ಲಿಸುವುದು ಅಪರೂಪ. ಹೆಂಡ, ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಜೊತೆ ಸೇರಿದರೆ ಆ ಮಾತು ನಿಲ್ಲುವುದಿಲ್ಲ. ಟ್ರಮಡಾಲ್, ಕೊಡೀನ್‌ನಂಥ ಓಪಿಯಾಯ್ಡ್ ಜೊತೆ ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಫಂಗಸ್ ಮದ್ದು ಕೀಟೊಕೊನಜೋಲ್, ಆಂಟಿಬಯಾಟಿಕ್ ಕ್ಲಾರಿಥ್ರೋಮೈಸಿನ್ ಇವು ಅಲ್ಪ್ರಜೋಲಮ್ ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಲೊರಾಜೆಪಾಮ್‌ಗೆ ಆ ಕಿಣ್ವದ ಹಂಗಿಲ್ಲ.

ನಿಲ್ಲಿಸುವುದು ಇನ್ನೊಂದು ಗಂಟು. ತಿಂಗಳುಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ಟರೆ ನಿದ್ದೆಗೇಡು, ನಡುಕ, ಬೆವರು, ಕೆಲವರಿಗೆ ಫಿಟ್ಸ್. ತೆಲಂಗಾಣದ ಕಡೆ ಸೇಂದಿಗೆ ಅಲ್ಪ್ರಜೋಲಮ್, ಡಯಾಜೆಪಾಮ್ ಬೆರೆಸುವ ದಂಧೆ ಇದೆಯಲ್ಲ, ಸೇಂದಿ ಸಿಗದಾಗ ಕುಡಿಯುತ್ತಿದ್ದವರಿಗೆ ಇದೇ ಆಗುವುದು, ತಾವು ಮಾತ್ರೆ ತಿಂದದ್ದೇ ಅವರಿಗೆ ಗೊತ್ತಿರುವುದಿಲ್ಲ. ಅಲ್ಪ್ರಜೋಲಮ್‌ನ ಹಾಫ್‌ಲೈಫ್ ಸುಮಾರು 11 ಗಂಟೆ, ಆದ್ದರಿಂದ ಮಟ್ಟ ಧಡಕ್ಕನೆ ಇಳಿಯುತ್ತದೆ. ಅದಕ್ಕೇ ಡಾಕ್ಟರ್‌ಗಳು ಕೆಲವೊಮ್ಮೆ ಸಮನಾದ ಡಯಾಜೆಪಾಮ್‌ಗೆ ಬದಲಿಸಿ, ವಾರ ತಿಂಗಳುಗಳಲ್ಲಿ ಚೂರುಚೂರೇ ಇಳಿಸುತ್ತಾರೆ. ಅಜ್ಜಿಯನ್ನು ಬೀಳಿಸಿದ ಅದೇ ನಿಧಾನ ಇಲ್ಲಿ ಇಳಿಜಾರಿನಂತೆ ಕೆಲಸಕ್ಕೆ ಬರುತ್ತದೆ.

ಕಾನೂನು ಒಂದೇ ಸಾಲು: ಡಯಾಜೆಪಾಮ್, ಅಲ್ಪ್ರಜೋಲಮ್ ಇರುವುದು ಔಷಧ ನಿಯಮಗಳ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿ, ಜಾರಿ 2014ರ ಮಾರ್ಚ್ 1ರಿಂದ. ಔಷಧ ಅಂಗಡಿಯವರು ಚೀಟಿ ಬರೆದ ಡಾಕ್ಟರ್, ರೋಗಿ, ಔಷಧ, ಪ್ರಮಾಣ ಎಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ವೈವಾದಲ್ಲಿ ಈ ಮಾತ್ರೆಗಳ ಆಂಟಿಡೋಟ್ (ಪ್ರತಿಮದ್ದು) ಕೇಳಿದರೆ ಫ್ಲೂಮಾಜೆನಿಲ್ ಅಂದು ಸುಮ್ಮನಾಗಬೇಡಿ. ಅದರ ಹಾಫ್‌ಲೈಫ್ ಒಂದು ಗಂಟೆಯ ಆಸುಪಾಸು. ರೋಗಿ ಕಣ್ಣು ಬಿಡುತ್ತಾರೆ, ಮಾತಾಡುತ್ತಾರೆ, ಆಮೇಲೆ ಆಂಟಿಡೋಟ್ ಖಾಲಿಯಾಗಿ ಡಯಾಜೆಪಾಮ್ ಉಳಿದು ಮತ್ತೆ ಮಂಪರಿಗೆ ಜಾರುತ್ತಾರೆ. ವರ್ಷಗಟ್ಟಲೆ ಮಾತ್ರೆ ತಗೊಂಡವರಿಗಾದರೆ ಆ ಆಂಟಿಡೋಟೇ ಫಿಟ್ಸ್ ಬರಿಸಬಹುದು. ಎದ್ದರು ಅಂತ ಮಾನಿಟರ್ ಬಿಚ್ಚಬಾರದು.