ನಿರಾಶ್ರಿತರ ವಾಪಸಾತಿ: ಬಸ್ ಹತ್ತಿಸಿದ್ರೆ ಕೆಲಸ ಮುಗೀತಾ?

ನಿರಾಶ್ರಿತರ ಬಗ್ಗೆ ಪಾಠ ಓದೋವಾಗ ನಾವೆಲ್ಲ ಅವರ ಸಮಸ್ಯೆಗೆ ಮೂರು ಪರಿಹಾರ ಅಂತ ಬಾಯಿಪಾಠ ಮಾಡ್ಕೊಂಡು ಮುಂದೆ ಹೋಗ್ಬಿಡ್ತೀವಿ, ಸ್ವಂತ ಇಚ್ಛೆಯಿಂದ ಊರಿಗೆ ವಾಪಸ್ ಹೋಗೋದು, ಆಶ್ರಯ ಕೊಟ್ಟ ದೇಶದಲ್ಲೇ ನೆಲೆ ನಿಲ್ಲೋದು, ಇಲ್ಲಾ ಮೂರನೇ ದೇಶಕ್ಕೆ ಹೋಗೋದು. ಮೊದಲನೇದನ್ನ ಮಾತ್ರ ಇಲ್ಲಿ ಬಿಡಿಸಿ ನೋಡೋಣ.

"ಸ್ವಂತ ಇಚ್ಛೆ" ಅನ್ನೋ ಪದಕ್ಕೆ ಅಂಡರ್‌ಲೈನ್ ಮಾಡ್ಕೊಳ್ಳಿ. 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ ಪ್ರಕಾರ, ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯ ಇರೋ ಕಡೆಗೆ ಯಾರನ್ನೂ ತಳ್ಳೋ ಹಾಗಿಲ್ಲ. ಆದ್ರೆ ಕ್ಯಾಂಪಲ್ಲಿ ರೇಷನ್ ಕಡಿಮೆ ಮಾಡ್ತಾ ಬಂದು, ಸ್ಕೂಲ್ ಮುಚ್ಚಿ, ಆಮೇಲೆ ಫಾರ್ಮ್‌ಗೆ ಸಹಿ ಹಾಕಿಸ್ಕೊಂಡ್ರೆ ಅದು ಇಚ್ಛೆನಾ? ನನ್ನ ಪ್ರಕಾರ ಅಲ್ಲ.

ಕಾಂಬೋಡಿಯಾ ಉದಾಹರಣೆ ನನಗೆ ತುಂಬಾ ಮುಖ್ಯ ಅನ್ಸುತ್ತೆ. ಅಲ್ಲಿನ ಯುದ್ಧ ನಿಲ್ಲಿಸೋಕೆ 1991ರಲ್ಲಿ ಪ್ಯಾರಿಸ್ ಶಾಂತಿ ಒಪ್ಪಂದ ಆದ್ಮೇಲೆ ಥಾಯ್ಲೆಂಡ್ ಗಡಿಯ ಕ್ಯಾಂಪುಗಳಿಂದ ಸುಮಾರು 3.6 ಲಕ್ಷ ಜನ ಊರಿಗೆ ಹೊರಟ್ರು, 1993ರ ಮೇ ಚುನಾವಣೆಗೆ ಮುಂಚೆ ಎಲ್ಲರೂ ತಲುಪಬೇಕಿತ್ತು. ಕುಟುಂಬಕ್ಕೆ 2 ಹೆಕ್ಟೇರ್ ಜಮೀನು ಕೊಡೋದು ಅಂತ ಮೊದಲಿನ ಪ್ಲಾನ್, ಆದ್ರೆ ಖಾಲಿ ಜಮೀನು ಅಷ್ಟೊಂದು ಇರಲಿಲ್ಲ, ಇದ್ದ ಕಡೆ ನೆಲಬಾಂಬ್. ಕೊನೆಗೆ ಜಮೀನಿನ ಬದಲು ದುಡ್ಡು ತಗೊಳ್ಳೋ ಆಯ್ಕೆ ಕೊಟ್ರು, ದೊಡ್ಡವರಿಗೆ 50 ಡಾಲರ್, ಮಕ್ಕಳಿಗೆ 25, ಹೆಚ್ಚಿನ ಕುಟುಂಬಗಳು ಅದನ್ನೇ ಆರಿಸ್ಕೊಂಡ್ವು. ಯೋಚ್ನೆ ಮಾಡಿ, ಹತ್ತು ವರ್ಷಕ್ಕೂ ಜಾಸ್ತಿ ಕ್ಯಾಂಪಲ್ಲಿ ಅಕ್ಕಿಗೆ ಕ್ಯೂ ನಿಂತು ಬೆಳೆದ ಹುಡುಗನಿಗೆ ನಾಟಿ ಮಾಡೋದು ಯಾರು ಹೇಳ್ಕೊಟ್ಟಿರ್ತಾರೆ?

ಮೊಜಾಂಬಿಕ್‌ದು ಬೇರೆ ಥರ. 1992ರಲ್ಲಿ ಅಂತರ್ಯುದ್ಧ ಮುಗಿಸೋ ಶಾಂತಿ ಒಪ್ಪಂದ ಆಗಿದ್ದೇ ತಡ, ಆರು ನೆರೆ ದೇಶಗಳಿಂದ ಸುಮಾರು 17 ಲಕ್ಷ ಜನ ವಾಪಸ್ ಬಂದ್ರು, ಅದ್ರಲ್ಲಿ ಬಹಳ ಜನ ಯಾರ ಲಾರಿಗೂ ಕಾಯದೆ ತಾವೇ ನಡ್ಕೊಂಡು ಬಂದೋರು. ಇಲ್ಲಿ ಬೇಕಾಗಿದ್ದು ಬಿತ್ತನೆ ಬೀಜ, ಗುದ್ದಲಿ, ಕುಡಿಯೋ ನೀರು, ಅದೂ ಮಳೆ ಶುರುವಾಗೋ ಮುಂಚೆ, ಒಂದು ತಿಂಗಳು ತಡ ಆದ್ರೆ ಇಡೀ ವರ್ಷದ ಬೆಳೆ ಹೋಯ್ತು ಅಂತಾನೇ. ನೆಲಬಾಂಬ್ ಪೂರ್ತಿ ತೆಗೆದಾಯ್ತು ಅಂತ ಆ ದೇಶ ಘೋಷಣೆ ಮಾಡಿದ್ದು 2015ರಲ್ಲಿ, ಅಂದ್ರೆ ಅಲ್ಲೀವರೆಗೂ ಎಷ್ಟೋ ಹೊಲಕ್ಕೆ ಕಾಲಿಡೋಕೂ ಭಯ.

ಬೋಸ್ನಿಯಾದಲ್ಲಿ ಜಗಳ ಮನೆ ಮೇಲೆ. ಅಲ್ಲಿನ ಜನಾಂಗಗಳ ನಡುವಿನ ಯುದ್ಧದಲ್ಲಿ 20 ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟಿದ್ರು, ಆ ಯುದ್ಧ ಮುಗಿಸಿದ 1995ರ ಡೇಟನ್ ಒಪ್ಪಂದದ 7ನೇ ಅನುಬಂಧ ಅವರಿಗೆ ಊರಿಗೆ ಬರೋ ಹಕ್ಕು, ಮನೆ ವಾಪಸ್ ಪಡೆಯೋ ಹಕ್ಕು ಎರಡೂ ಕೊಡ್ತು. ಆದ್ರೆ ಹೋಗಿ ಬಾಗಿಲು ತಟ್ಟಿದ್ರೆ ಒಳಗಿಂದ ಬರೋದು ಇನ್ನೊಂದು ಕುಟುಂಬ, ಅವರೂ ಬೇರೆ ಊರಿಂದ ಓಡಿ ಬಂದೋರೇ, ಅವರನ್ನ ಎಬ್ಬಿಸಿದ್ರೆ ಅವರೆಲ್ಲಿಗೆ ಹೋಗ್ಬೇಕು? 1999ರಿಂದ ಎಲ್ಲಾ ಊರಿಗೂ ಒಂದೇ ನಿಯಮ ಮಾಡಿ, ಅರ್ಜಿ ಬಂದ ಸರದಿ ಪ್ರಕಾರವೇ ಮನೆ ಬಿಡಿಸ್ತಾ ಹೋದ್ಮೇಲೆ ಕೆಲಸ ನಿಜವಾಗಿ ಓಡ್ತು, 2004ರ ಹೊತ್ತಿಗೆ ವಾಪಸ್ ಬಂದೋರ ಲೆಕ್ಕ 10 ಲಕ್ಷ ಮುಟ್ತು. ಮನೆ ಸಿಕ್ಕರೂ ಅದನ್ನ ಮಾರಿ ತಮ್ಮ ಜನಾಂಗದೋರು ಜಾಸ್ತಿ ಇರೋ ಕಡೆ ಹೋದೋರೂ ಬಹಳ, ಯಾಕಂದ್ರೆ ಹಳೇ ಊರಲ್ಲಿ ಕೆಲಸ ಇಲ್ಲ, ಮಕ್ಕಳಿಗೆ ಸರಿಯಾದ ಸ್ಕೂಲ್ ಇಲ್ಲ, ರಾತ್ರಿ ನೆಮ್ಮದಿ ನಿದ್ದೆ ಇಲ್ಲ.

ಇನ್ನೊಂದು, ದಾಖಲೆ. ಕ್ಯಾಂಪಲ್ಲಿ ಹುಟ್ಟಿದ ಮಗುವಿನ ಜನನ ಪತ್ರ, ಅಲ್ಲಿ ಓದಿದ ಕ್ಲಾಸಿನ ಸರ್ಟಿಫಿಕೇಟ್ ಇವನ್ನ ಊರಲ್ಲಿ ಒಪ್ಪದಿದ್ರೆ ಮಗು ಮತ್ತೆ ಒಂದನೇ ಕ್ಲಾಸಿಂದ ಶುರು ಮಾಡ್ಬೇಕು. ಗಂಡನ್ನ ಕಳ್ಕೊಂಡು ಬಂದ ಹೆಂಗಸಿಗಂತೂ ಜಮೀನು ಗಂಡನ ಹೆಸರಲ್ಲೇ ಇದ್ರೆ, ಅವನು ಸತ್ತಿದ್ದಕ್ಕೆ ಒಂದು ಕಾಗದನೂ ಇಲ್ದಿದ್ರೆ, ತನ್ನ ಅಂಗಳದಲ್ಲೇ ಅವಳು ಇನ್ನೂ ನಿರಾಶ್ರಿತೆನೇ.