ಕಿವುಡರ ಕಥೆಯ ಸಿನಿಮಾ ಕಿವುಡರಿಗೂ ದಕ್ಕಬೇಕಾದರೆ

ತುಮಕೂರು ಜಿಲ್ಲೆಯ ಗುಬ್ಬಿ ವೀರಣ್ಣನವರು ನಾಟಕದ ಜೊತೆಗೆ ಮೂಕಿ ಚಿತ್ರಗಳನ್ನೂ ತೆಗೆದವರು. ಆಗ ಪಾತ್ರಗಳ ಮಾತು ಪರದೆಯ ಮೇಲೆ ಬರಹವಾಗಿ ಬರುತ್ತಿತ್ತು. ಓದು ಬಲ್ಲ ಕಿವುಡರಿಗೂ ಪಕ್ಕದಲ್ಲಿ ಕೂತವರಿಗೂ ಸಿಗುತ್ತಿದ್ದ ಕಥೆ ಒಂದೇ. 1934ರಲ್ಲಿ 'ಸತಿ ಸುಲೋಚನ' ಬಂದು ಕನ್ನಡ ಸಿನಿಮಾ ಮಾತಾಡಿತು. ಬರಹ ಹೋಯಿತು, ಕಿವುಡರ ಪಾಲಿನ ಕಥೆಯೂ ಅದರ ಜೊತೆಗೇ ಹೋಯಿತು.

ಅಮೆರಿಕದಲ್ಲೂ ಹೀಗೇ ಆಗಿತ್ತು. ಮೂಕಿ ಚಿತ್ರಗಳ ಕಿವುಡ ನಟ ಎಮರ್ಸನ್ ರೊಮೆರೊ 1947ರಲ್ಲಿ ಟಾಕಿ ಚಿತ್ರಗಳ ರೀಲು ಕತ್ತರಿಸಿ, ನಡುನಡುವೆ ಬರಹದ ತುಣುಕು ಅಂಟಿಸಿ ಕಿವುಡರಿಗೆ ತೋರಿಸತೊಡಗಿದರು. 1958ರಲ್ಲಿ ಅಲ್ಲಿ ಕ್ಯಾಪ್ಷನ್ (ಮಾತನ್ನೂ ಸದ್ದನ್ನೂ ಪರದೆಯ ಮೇಲೆ ತಿಳಿಸುವ ಬರಹ) ಇರುವ ಚಿತ್ರಗಳಿಗೆಂದೇ ಕಾನೂನು ಬಂತು.

ಕಿವುಡ ತಂದೆತಾಯಿ, ಹಾಡುವ ಮಗಳು: ಈ ಕಥೆ ಹಿಂದಿಯ 'ಖಾಮೋಶಿ'ಯಲ್ಲಿ (1996) ಬಂತು, 2014ರಲ್ಲಿ ಫ್ರೆಂಚ್ ಚಿತ್ರವೊಂದರಲ್ಲಿ ಬಂತು. ಎರಡರಲ್ಲೂ ತಂದೆತಾಯಿಯ ಪಾತ್ರ ಮಾಡಿದವರು ಕಿವಿ ಕೇಳುವ ನಟರು. ಆ ಫ್ರೆಂಚ್ ಚಿತ್ರದ ರೀಮೇಕ್ ಆದ 'ಕೋಡಾ'ದಲ್ಲಿ (2021) ಕಿವುಡ ನಟರೇ ಇದ್ದರು. ತಂದೆಯಾದ ಟ್ರಾಯ್ ಕಾಟ್ಸರ್‌ಗೆ ಆಸ್ಕರ್ ಸಿಕ್ಕಿತು. ಆಸ್ಕರ್‌ಗಿಂತ ದೊಡ್ಡ ಸಂಗತಿ ಎಂದರೆ, ಥಿಯೇಟರಿಗೆ ಬಂದ ಪ್ರತಿಯಲ್ಲಿ ಕ್ಯಾಪ್ಷನ್ ಚಿತ್ರದೊಳಗೇ ಅಚ್ಚಾಗಿತ್ತು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕ್ಯಾಪ್ಷನ್ ಬೇಕೆಂದಿತು. ಥಿಯೇಟರುಗಳಿಗೆ ಕೇಂದ್ರದ ಮಾರ್ಗಸೂಚಿ ಬಂದದ್ದು 2024ರ ಮಾರ್ಚ್‌ನಲ್ಲಿ.

ಇಂಥ ಚಿತ್ರವನ್ನು ತುಮಕೂರಿನಲ್ಲೋ ತಿಪಟೂರಿನಲ್ಲೋ ತೋರಿಸುವವರು ಸಬ್‌ಟೈಟಲ್ ಇದೆಯಲ್ಲ ಎಂದು ಸುಮ್ಮನಾಗಬಾರದು. ಸಬ್‌ಟೈಟಲ್ ಮಾತನ್ನಷ್ಟೇ ಕೊಡುತ್ತದೆ. ಕ್ಯಾಪ್ಷನ್‌ನಲ್ಲಿ ಯಾರು ಮಾತಾಡಿದರು, ಏನು ಸದ್ದಾಯಿತು ಎಂಬುದೂ ಇರಬೇಕು. 'ಸಂಗೀತ' ಎಂದು ಬರೆದರೆ ಏನೂ ತಿಳಿಯದು. 'ದೂರದಲ್ಲಿ ತಮಟೆ, ಬಡಿತ ಜೋರಾಗುತ್ತದೆ' ಎಂದರೆ ತಿಳಿಯುತ್ತದೆ. 'ಕೋಡಾ'ದ ಸಂಗೀತ ಕಛೇರಿಯ ದೃಶ್ಯದಲ್ಲಿ ಮಗಳು ಹಾಡುತ್ತಿರುವಾಗಲೇ ಸದ್ದು ಪೂರ್ತಿ ನಿಲ್ಲುತ್ತದೆ. ಅಲ್ಲಿ 'ಸದ್ದು ನಿಂತಿದೆ' ಎಂಬ ಸಾಲು ಇಲ್ಲದಿದ್ದರೆ, ಆ ದೃಶ್ಯ ಯಾರ ಅನುಭವವನ್ನು ತೋರಿಸುತ್ತದೋ ಅವರಿಗೇ ಅದು ಗೊತ್ತಾಗುವುದಿಲ್ಲ.

ಕನ್ನಡ ಕ್ಯಾಪ್ಷನ್ ಕೆಡುವುದು ಹೆಚ್ಚಾಗಿ ಫೈಲಿನಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಯುಟಿಎಫ್-8 ಎಂಬ ಫೈಲ್ ರೂಪದಲ್ಲಿ ಸೇವ್ ಮಾಡಬೇಕು. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಒಮ್ಮೆಗೆ ಎರಡೇ ಸಾಲು, ಏಳು ಸೆಕೆಂಡ್ ಮೀರದಂತೆ. ಸೆಕೆಂಡಿಗೆ 24 ಫ್ರೇಮಿನ ಪ್ರತಿಗೆ ಹೊಂದಿಸಿದ ಕ್ಯಾಪ್ಷನ್ನನ್ನು 25 ಫ್ರೇಮಿನ ವೇಗದಲ್ಲಿ ಓಡುವ ಪ್ರತಿಗೆ ಹಾಕಿದರೆ ಮೊದಲ ನಿಮಿಷದಲ್ಲೇ ಎರಡೂವರೆ ಸೆಕೆಂಡ್ ಹಿಂದೆ ಬೀಳುತ್ತದೆ, ಗಂಟೆ ಕಳೆಯುವಷ್ಟರಲ್ಲಿ ಎರಡೂವರೆ ನಿಮಿಷ! ಆದ್ದರಿಂದ ಆರಂಭವನ್ನಷ್ಟೇ ನೋಡಿ ಒಪ್ಪಬೇಡಿ, ಕೊನೆಯ ಹತ್ತು ನಿಮಿಷವನ್ನೂ ಹಾಕಿ ನೋಡಿ.

ಚಿತ್ರದ ನಂತರ ಚರ್ಚೆ ಇದ್ದರೆ ಸಂಜ್ಞಾ ಭಾಷೆಯ ಅನುವಾದಕರನ್ನು ಮಾತಾಡುವವರ ಪಕ್ಕದಲ್ಲೇ, ಕೈಗೂ ಮುಖಕ್ಕೂ ಬೆಳಕು ಬೀಳುವಂತೆ ನಿಲ್ಲಿಸಿ. ಇಬ್ಬರನ್ನು ಕರೆಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಅವರು ಸರದಿ ಬದಲಿಸಿಕೊಳ್ಳಬೇಕಾಗುತ್ತದೆ.